ಲಿನ್ ಅಜ್ಜಿಯ ಫೋಟೋಗೆ ಕಪ್ಪು ಕಟ್ಟು

“ಅದು ಆಗೋ ಮಾತಲ್ಲ” ಎಂದವರು ನನ್ನ ಮಾವ ನಂಜುಂಡಯ್ಯನವರು. ಹೇಳಿದ್ದು ಮದುವೆ ಪತ್ರಿಕೆ ಅಚ್ಚು ಹಾಕುವವನಿಗೆ. ನಾನು ಪಕ್ಕದಲ್ಲೇ ನಿಂತಿದ್ದೆ. ಆತ ಹುಡುಗಿಯ ಹೆಸರನ್ನು “ಚಿ. ಕುಂ. ಸೌ. ಶೈಲಾ, ಬಿ.ಎಸ್ಸಿ. ನರ್ಸಿಂಗ್” ಎಂದು ಬರೆದುಕೊಂಡು, “ಹುಡುಗನ ಹೆಸರಿನ ಮುಂದೆ ಏನು ಸಾರ್?” ಎಂದು ಕೇಳಿದ.

“ಏನೂ ಇಲ್ಲ.”

“ಇನ್ನೂ ಓದ್ತಿದ್ರೂ ಹಾಕಬಹುದು ಸಾರ್. ಎಷ್ಟೋ ಜನ ಹಾಕಿಸ್ತಾರೆ.”

“ಇಲ್ಲಪ್ಪಾ, ಅದು ಆಗೋ ಮಾತಲ್ಲ,” ಎಂದು ಮಾವ ಕನ್ನಡಕ ಒರೆಸಿಕೊಂಡರು. ಕೋಪವಿರಲಿಲ್ಲ, ಅಣಕವೂ ಇರಲಿಲ್ಲ. ನಾಳೆ ನಲ್ಲಿಯಲ್ಲಿ ನೀರು ಬರುವುದಿಲ್ಲ ಎಂದು ಪಕ್ಕದ ಮನೆಯವರಿಗೆ ತಿಳಿಸುವ ಹಾಗೆ ಹೇಳಿದರು. ನನಗೆ ಉರಿದದ್ದೇ ಅದಕ್ಕೆ.

ಅವರು ಹೇಳಿದ್ದರಲ್ಲಿ ಸುಳ್ಳೇನಿರಲಿಲ್ಲ. ರಾಣೆಬೆನ್ನೂರಿನ ನಮ್ಮ ಮನೆತನದಲ್ಲಿ ನನಗಿಂತ ಮುಂಚೆ ಪಿಯುಸಿ ದಾಟಿದವರಿರಲಿಲ್ಲ. ನಾನು ಎರಡು ಸಲ ಬರೆದು ದಾಟಿದವನು. ಆಮೇಲೆ ದಾವಣಗೆರೆಯ ಒಂದು ಸ್ಟುಡಿಯೋದಲ್ಲಿ ಹತ್ತು ವರ್ಷ ದುಡಿದೆ. ಆಸ್ಟ್ರೇಲಿಯಾದ ವೀಸಾಕ್ಕೆಂದು ಫೋಟೋ ತೆಗೆಸಲು ಬಂದ, ಅಲ್ಲಿನ ಆಸ್ಪತ್ರೆಯ ನರ್ಸ್ ಶೈಲಾಳ ಫೋಟೋವನ್ನು, ಒಮ್ಮೆ ಕಿವಿ ಕಾಣಲಿಲ್ಲ, ಒಮ್ಮೆ ಹಿಂದೆ ನೆರಳು ಬಿತ್ತು ಎಂದು ಮೂರು ಸಲ ತೆಗೆದೆ. ಮೂರನೆಯ ಸಲಕ್ಕೆ ಅವಳು ನನ್ನ ಜೊತೆ ಚಹಾ ಕುಡಿದಳು. ಹೀಗೆ ನಾನು ಸಿಡ್ನಿಗೆ ಬಂದದ್ದು ಹೆಂಡತಿಯ ವೀಸಾದ ಬಾಲ ಹಿಡಿದುಕೊಂಡು.

ಇದೆಲ್ಲ ಮತ್ತೆ ನೆನಪಾದದ್ದು ಹೋದ ತಿಂಗಳು, ಎಪ್ಪಿಂಗ್ ಸ್ಟೇಷನ್ ಪಕ್ಕದ ಆರ್ಕೇಡಿಗೆ ಹಾಲು ತರಲು ಹೋದಾಗ. ನಾನು ಆರು ವರ್ಷ ನಿಂತು ಕೆಲಸ ಮಾಡಿದ ಫೋಟೋ ಕೌಂಟರ್ ಈಗ ಬಬಲ್ ಟೀ ಅಂಗಡಿ. ಹಿಂದುಗಡೆ, ಪ್ರಿಂಟಿಂಗ್ ಮಷೀನ್ ಇದ್ದ ಮೂಲೆಯಲ್ಲಿ, ಆ ರಾಸಾಯನಿಕದ ವಾಸನೆ ಮಾತ್ರ ಇನ್ನೂ ಹೋಗಿಲ್ಲ. ಹುಳಿ ಬಂದ ದೋಸೆ ಹಿಟ್ಟಿಗೆ ಫಿನಾಯಿಲ್ ಬೆರೆಸಿದರೆ ಹೇಗೋ ಹಾಗೆ. ಅದು ಮೂಗಿಗೆ ಬಡಿದದ್ದೇ ತಡ, ಡಿಗ್ರಿಯ ಕೊನೆಯ ವರ್ಷದ ಆ ಚಳಿಗಾಲ ಪೂರ್ತಿಯಾಗಿ ಎದ್ದು ಬಂದು ಎದುರಿಗೆ ನಿಂತಿತು. ನೆನೆಸಿಕೊಂಡರೆ ಈಗಲೂ ತಲೆ ಬಿಸಿಯಾಗುತ್ತದೆ.

ಹಗಲು ಕೌಂಟರ್, ಉಳಿದ ಹೊತ್ತಿನಲ್ಲಿ ಕ್ಲಾಸು, ಹೀಗೆ ಪಾರ್ಟ್‌ಟೈಮ್ ಬಿ.ಎ. ಆರು ವರ್ಷ ಎಳೆದಿತ್ತು. ವಿಷಯ ಫೋಟೋಗ್ರಫಿ. ಉಳಿದದ್ದು ಒಂದೇ ಒಂದು ದೊಡ್ಡ ಪ್ರಬಂಧ. ಅದು ಪಾಸಾದರೆ ಡಿಗ್ರಿ, ಇಲ್ಲದಿದ್ದರೆ ಮತ್ತೊಂದು ವರ್ಷ. ಮತ್ತೊಂದು ವರ್ಷಕ್ಕೆ ನನ್ನಲ್ಲಿ ಉಸಿರಿರಲಿಲ್ಲ. ನಾನು ಆರಿಸಿಕೊಂಡದ್ದು ಇವತ್ತಿನ ಚೀನಾದ ಫೋಟೋಗ್ರಫಿ, ಬದಲಾಗುತ್ತಿರುವ ಅಲ್ಲಿನ ಬದುಕು ಅದರಲ್ಲಿ ಹೇಗೆ ಕಾಣುತ್ತದೆ ಎನ್ನುವುದು.

ಇದನ್ನು ಕೇಳಿದವರೆಲ್ಲ ಒಂದೊಂದು ಮಾತು ಸೇರಿಸಿದರು. ರಾಜ್ಯೋತ್ಸವದ ಊಟದ ಸಾಲಿನಲ್ಲಿ ಮಾರ್ಸ್ಡನ್ ಪಾರ್ಕಿನ ಅಂಕಲ್ ಒಬ್ಬರು ತಟ್ಟೆ ಹಿಡಿದುಕೊಂಡೇ, “ಚೈನಾದವರ ಫೋಟೋ ನೋಡೋಕೆ ಡಿಗ್ರೀನಾ? ಸೈಬರ್ ಸೆಕ್ಯುರಿಟಿ ಮಾಡ್ರೀ, ಮಾರ್ಟ್‌ಗೇಜ್ ಆದ್ರೂ ತೀರುತ್ತೆ,” ಎಂದರು. ಮಗಳು ನಿಧಿ, “ಅಪ್ಪಾ, ವೈ ನಾಟ್ ಇಂಡಿಯನ್ ಫೋಟೋಸ್?” ಎಂದಳು. ಶೈಲಾ ಒಬ್ಬಳೇ, “ನಿಂಗೆ ಗೊತ್ತಿರೋದನ್ನ ಬರಿ,” ಎಂದವಳು.

ನನಗೆ ಗೊತ್ತಿದ್ದದ್ದು ಅದೇ ಆಗಿತ್ತು. ಎಪ್ಪಿಂಗಿನಲ್ಲಿ ನಮ್ಮ ಕೌಂಟರಿಗೆ ಬರುವವರಲ್ಲಿ ಮುಕ್ಕಾಲು ಪಾಲು ಚೀನೀಯರು. ಹಳೆಯ ಫೋಟೋಗಳನ್ನು ಸ್ಕ್ಯಾನ್ ಮಾಡಿಸಲು ತರುತ್ತಿದ್ದರು. ಸಾವಿರಾರು ಫೋಟೋ ನನ್ನ ಬೆರಳಿನ ಕೆಳಗೆ ಹಾದುಹೋಗಿವೆ. ಮೊದಮೊದಲು ಎಲ್ಲರೂ ಒಂದೇ ಬಗೆಯ ಅಂಗಿ ತೊಟ್ಟು, ಮೊಣಕಾಲ ಮೇಲೆ ಕೈ ಇಟ್ಟು, ನಗದೆ ಕೂತವರು. ಆಮೇಲೆ ರೇಡಿಯೋದ ಪಕ್ಕ ನಿಂತವರು, ಹೊಲಿಗೆ ಯಂತ್ರದ ಮೇಲೆ ಕೈ ಇಟ್ಟವರು. ಆಮೇಲೆ ಬಣ್ಣ ಬಂತು, ಫ್ರಿಜ್ಜಿನ ಬಾಗಿಲು ತೆರೆದು ನಿಂತ ಮದುಮಗಳು ಬಂದಳು. ಆಮೇಲೆ ಬಾಡಿಗೆಯ ಬಿಳಿ ಗೌನು, ಇಪ್ಪತ್ತೆಂಟನೆಯ ಮಹಡಿಯ ಬಾಲ್ಕನಿ. ಕೊನೆಕೊನೆಗೆ ಮನುಷ್ಯರೇ ಸಣ್ಣಗಾಗಿ ಹಿಂದಿನ ಕಟ್ಟಡಗಳು ದೊಡ್ಡದಾದವು. ಒಂದು ದೇಶ ಬಟ್ಟೆ ಬದಲಾಯಿಸುವುದನ್ನು ನಾನು ಬಾಗಿಲ ಸಂದಿಯಿಂದ ನೋಡಿದ ಹಾಗಿತ್ತು.

ನನ್ನ ಗೈಡ್ ಹೆಲೆನ್ ಮೇಡಂಗೆ ಇದು ಸಾಲದು. ಒಳ್ಳೆಯ ಹೆಂಗಸು, ಅದರಲ್ಲಿ ಎರಡು ಮಾತಿಲ್ಲ. ಯಾವ ಫೋಟೋ ತೋರಿಸಿದರೂ ಎರಡೇ ಪ್ರಶ್ನೆ: “ವೀರೇಶ್, ಇಲ್ಲಿ ಅಧಿಕಾರ ಎಲ್ಲಿದೆ? ಪ್ರತಿರೋಧ ಎಲ್ಲಿದೆ?”

“ಇಲ್ಲಿ ಸೈಕಲ್ ಇದೆ ಮೇಡಂ,” ಎಂದೆ ಒಂದು ದಿನ.

ಆ ಸೈಕಲ್ ಲಿನ್ ಅಜ್ಜಿಯ ಫೋಟೋದಲ್ಲಿದ್ದದ್ದು. ಲಿನ್ ಅಜ್ಜಿ ನಮ್ಮ ಕೌಂಟರಿನ ಗಿರಾಕಿ, ಎಂಬತ್ತರ ಹತ್ತಿರದ ಹೆಂಗಸು, ಮಗಳು ಗ್ರೇಸ್ ಜೊತೆ ಎಪ್ಪಿಂಗಿನ ಅಪಾರ್ಟ್‌ಮೆಂಟಿನಲ್ಲಿದ್ದರು. ಉಣ್ಣೆಯ ಟೋಪಿ ಹಾಕಿಕೊಂಡು, ತುಕ್ಕು ಹಿಡಿದ ಬಿಸ್ಕತ್ತಿನ ಡಬ್ಬಿ ತುಂಬ ಫೋಟೋ ಹಿಡಿದುಕೊಂಡು, ಪ್ರತಿ ಮಂಗಳವಾರ ಹತ್ತು ಹತ್ತು ಸ್ಕ್ಯಾನ್ ಮಾಡಿಸುತ್ತಿದ್ದರು. ಒಟ್ಟಿಗೆ ಕೊಡಿ ಅಂದರೆ ಕೊಡರು. ಒಂದೊಂದಕ್ಕೂ ಮುರುಕು ಇಂಗ್ಲಿಷಿನಲ್ಲಿ ಕತೆ.

“ಇದು ನಾನು. ಇದು ಗಂಡ. ಇದು ಸೈಕಲ್.”

“ಒಳ್ಳೇ ಸೈಕಲ್.”

“ನಮ್ಮದಲ್ಲ. ಸ್ಟುಡಿಯೋದ್ದು. ಇಡೀ ಊರಿನ ಮದುವೆಗೆ ಅದೇ ಸೈಕಲ್.”

ನಾನು ಬಿದ್ದು ಬಿದ್ದು ನಕ್ಕೆ. ನಮ್ಮ ದಾವಣಗೆರೆ ಸ್ಟುಡಿಯೋದಲ್ಲಿ ಒಂದು ಪ್ಲಾಸ್ಟಿಕ್ ಟೆಲಿಫೋನ್ ಇತ್ತು. ಕಾಲೇಜು ಹುಡುಗಿಯರೆಲ್ಲ ಅದನ್ನೇ ಕಿವಿಗೆ ಹಿಡಿದು ಫೋಟೋ ತೆಗೆಸಿಕೊಂಡವರು. ಜನ ತಮ್ಮಲ್ಲಿ ಇಲ್ಲದ್ದನ್ನು ಹಿಡಿದು ಕ್ಯಾಮೆರಾದ ಮುಂದೆ ನಿಲ್ಲುತ್ತಾರೆ. ಅದು ಮನೆಗೆ ಬಂದ ದಿನ ಅದನ್ನು ಬಿಟ್ಟು ಬೇರೆಯದನ್ನು ಹಿಡಿಯುತ್ತಾರೆ. ಇದನ್ನೇ ಪ್ರಬಂಧದ ಬೆನ್ನೆಲುಬು ಮಾಡಿಕೊಂಡೆ. ಗ್ಯಾಲರಿಗಳಲ್ಲಿ ತೂಗುಹಾಕಿದ ಇವತ್ತಿನ ಚೀನೀ ಛಾಯಾಗ್ರಾಹಕರ ಕೆಲಸ ಒಂದು ಕಡೆ, ಲಿನ್ ಅಜ್ಜಿಯ ಡಬ್ಬಿ ಇನ್ನೊಂದು ಕಡೆ. ಅರ್ಧ ಪುಟಗಳು ಅಜ್ಜಿಯವೇ ಆದವು.

ಅದಕ್ಕೊಂದು ಒಪ್ಪಿಗೆಯ ಫಾರ್ಮ್, ಒಂಬತ್ತು ಪುಟ. ಒಬ್ಬರ ಮನೆಯ ಫೋಟೋ ಬಳಸಬೇಕಾದರೆ ಅವರ ಸಹಿ ಬೇಕು, ಅಜ್ಜಿಗೆ ಇಂಗ್ಲಿಷ್ ಓದಲು ಬಾರದ್ದರಿಂದ ಮಗಳ ಸಹಿಯೂ ಬೇಕು. ಗ್ರೇಸ್ ಆಫೀಸಿಗೆ ಹೋಗುವ ಅವಸರದಲ್ಲಿ ಕೌಂಟರಿನ ಮೇಲೇ ಸಹಿ ಹಾಕಿದಳು. ನಾನೂ ಆ ಒಂಬತ್ತು ಪುಟ ಪೂರ್ತಿ ಓದಲಿಲ್ಲ.

ಅಷ್ಟು ಹೊತ್ತಿಗೆ ಮಾವ ಬಂದಿಳಿದರು. ವಿಸಿಟರ್ ವೀಸಾ, ಮೂರು ಸ್ವೆಟರ್, ಮತ್ತು ನಮ್ಮ ಅತ್ತೆಯ ಫೋಟೋ. ಅತ್ತೆ ತೀರಿಕೊಂಡು ಎರಡು ವರ್ಷವಾಗಿತ್ತು. ಫೋಟೋವನ್ನು ಟಿವಿಯ ಪಕ್ಕದಲ್ಲಿ ಇಟ್ಟು, ದಿನಾ ಬೆಳಿಗ್ಗೆ ಬಾಲ್ಕನಿಯ ಕುಂಡದಿಂದ ಒಂದು ಹೂ ಕಿತ್ತು ಅದಕ್ಕೆ ಏರಿಸುತ್ತಿದ್ದರು. ಆ ಫೋಟೋ ಮಾಡಿಕೊಟ್ಟವನು ನಾನೇ. ಅತ್ತೆ ಯಾವತ್ತೂ ಒಬ್ಬರೇ ಕೂತು ಫೋಟೋ ತೆಗೆಸಿದವರಲ್ಲ. ನಮ್ಮ ಮದುವೆಯ ಗ್ರೂಪ್ ಫೋಟೋದಿಂದ ಅವರ ಮುಖ ಕತ್ತರಿಸಿ ದೊಡ್ಡದು ಮಾಡಿದ್ದೆ. ಎಡಗಡೆ ಅಂಚಿನಲ್ಲಿ ಯಾರದೋ ರೇಷ್ಮೆ ಸೀರೆಯ ಭುಜ ಉಳಿದುಬಿಟ್ಟಿತ್ತು. ಅದನ್ನು ತೆಗೆದರೆ ಅತ್ತೆಯ ಕಿವಿಯೋಲೆಯೂ ಹೋಗುತ್ತಿತ್ತು. ಮಾವ ಆ ಬಗ್ಗೆ ಒಂದು ದಿನವೂ ಏನೂ ಅನ್ನಲಿಲ್ಲ.

ಬೇರೆ ಎಲ್ಲದರ ಬಗ್ಗೆಯೂ ಅಂದರು. ನಾನು ಲ್ಯಾಪ್‌ಟಾಪ್ ತೆರೆದರೆ ಸಾಕು, ಹಿಂದಿನಿಂದ ಬಂದು ನಿಲ್ಲುವರು. “ಅಳಿಯಂದ್ರೇ, ಇದು ಎಷ್ಟನೇ ವರ್ಷ?”

“ಆರನೇದು ಮಾವ.”

“ಬಿ.ಎ. ಮೂರು ವರ್ಷ ಅಲ್ವಾ?”

“ಪಾರ್ಟ್‌ಟೈಮ್ ಮಾವ.”

“ಹೂಂ,” ಎಂದು ಅಡುಗೆಮನೆಗೆ ಹೋಗಿ ಕಾಫಿ ಬೆರೆಸುವರು. ಆ ‘ಹೂಂ’ ಕೇಳಿ ಕೇಳಿ ನನ್ನ ಕಿವಿಯಲ್ಲಿ ತೂತು ಬಿದ್ದಿತ್ತು.

ಜುಲೈನಲ್ಲಿ ಹೆಲೆನ್, ಮೆಲ್ಬರ್ನಿನಲ್ಲಿ ಒಂದು ಪ್ರದರ್ಶನ ಬಂದಿದೆ, ಅದನ್ನು ಕಣ್ಣಾರೆ ನೋಡದೆ ಪ್ರಬಂಧ ಮುಗಿಸಬೇಡ ಎಂದರು. ಪರದೆಯ ಮೇಲೆ ನೋಡಿದರೆ ಆಗದೇ ಎಂದೆ. ಆಗದಂತೆ. ಬೆಳಗಿನ ವಿಮಾನಕ್ಕೆ ಹೋಗಿ ಸಂಜೆ ಬರುವುದೆಂದು ಬುಕ್ ಮಾಡಿದೆ. “ಅಪ್ಪನೂ ಮೆಲ್ಬರ್ನ್ ನೋಡಿಲ್ಲ, ಕರ್ಕೊಂಡು ಹೋಗು, ನಂಗೆ ಡಬಲ್ ಶಿಫ್ಟ್ ಇದೆ,” ಎಂದಳು ಶೈಲಾ. ದೇವರೇ ಗತಿ ಎಂದುಕೊಂಡೆ.

ಗ್ಯಾಲರಿಯಿದ್ದ ಡಾಕ್‌ಲ್ಯಾಂಡ್ಸಿನ ಗಾಳಿ ಹೇಗಿತ್ತೆಂದರೆ ಮಾವನ ಮಂಕಿ ಕ್ಯಾಪನ್ನು ಕೈಯಲ್ಲಿ ಹಿಡಿದುಕೊಳ್ಳಬೇಕಾಯಿತು. ಆ ಭಾಗದಲ್ಲಿ ಟ್ರಾಮಿಗೆ ಟಿಕೆಟ್ ಇಲ್ಲವೆಂದು ತಿಳಿದದ್ದೇ ಅವರಿಗೆ ಗ್ಯಾಲರಿ ಮರೆತುಹೋಯಿತು. “ಕಂಡಕ್ಟರೂ ಇಲ್ಲ, ಟಿಕೆಟ್ಟೂ ಇಲ್ಲ. ಇನ್ನೊಂದು ರೌಂಡ್ ಹೋಗೋಣ್ವಾ?” ಒಂದಲ್ಲ, ಎರಡು ರೌಂಡ್ ಹೋದೆವು. ನನ್ನ ಕೈಯಲ್ಲಿದ್ದದ್ದು ಐದು ಗಂಟೆಯ ಸಮಯ. ಅದರಲ್ಲಿ ಒಂದೂವರೆ ಟ್ರಾಮಿನಲ್ಲಿ ಕಳೆಯಿತು.

ಗ್ಯಾಲರಿಯ ಒಳಗೆ ಗೋಡೆಯಷ್ಟು ದೊಡ್ಡ ಫೋಟೋಗಳು. ಪಾರ್ಸೆಲ್ ಗಾಡಿಯ ಮೇಲೆ ಕಾಲು ಚಾಚಿ ಮಲಗಿದ ಡೆಲಿವರಿ ಹುಡುಗ. ಗಿರಾಕಿಗಳೇ ಇಲ್ಲದ ಮಾಲ್‌ನಲ್ಲಿ ಮೊಬೈಲಿನ ಮುಂದೆ ಒಬ್ಬಳೇ ಹಾಡುತ್ತಿರುವ ಹುಡುಗಿ. ಒಳಗಿನ ಕೋಣೆಯಲ್ಲಿ ಒಂದು ಸರಣಿ: ಹಳೆಯ ಬೀದಿಯ ಮನೆಗಳನ್ನು ಒಡೆದು ಹಾಕಿ, ಬದಲಿಗೆ ಅಪಾರ್ಟ್‌ಮೆಂಟ್ ಕೊಟ್ಟಿದ್ದಾರೆ. ಒಂದೊಂದು ಕುಟುಂಬವೂ ತನ್ನ ಹಳೇ ಮನೆಯ ಬಾಗಿಲನ್ನು ಹೊತ್ತು ತಂದು, ಹೊಸ ಗೋಪುರಗಳ ಎದುರಿನ ಹುಲ್ಲಿನ ಮೇಲೆ ನೆಟ್ಟಗೆ ಹಿಡಿದು ನಿಂತಿದೆ. ಬಾಗಿಲಿನ ಸುತ್ತ ಗೋಡೆಯಿಲ್ಲ, ಹಿಂದೆ ಮನೆಯಿಲ್ಲ. ಕೆಲವು ಬಾಗಿಲುಗಳ ಮೇಲೆ ಬಿಳಿ ಬಣ್ಣದಲ್ಲಿ ಒಂದು ದೊಡ್ಡ ಅಕ್ಷರ, ಸುತ್ತ ಒಂದು ವೃತ್ತ. ಈ ಮನೆಯನ್ನು ಒಡೆಯಬೇಕು ಎಂಬ ಗುರುತು ಅದು.

ನಾನು ನೋಟ್ಸ್ ಮಾಡಿಕೊಳ್ಳುತ್ತಿದ್ದೆ: ‘ಅಧಿಕಾರದ ಲಿಪಿ, ಖಾಸಗಿ ಜಾಗದ ಮೇಲೆ...’ ಹೆಲೆನ್‌ಗೆ ಬೇಕಾದ್ದು. ಮಾವ ಫೋಟೋಗೆ ಮೂಗು ತಾಗುವಷ್ಟು ಬಗ್ಗಿದ್ದರು. ಕಾವಲಿನವನು ಹಿಂದೆ ಸರಿಯಿರಿ ಎಂದ. ಒಂದು ಹೆಜ್ಜೆ ಸರಿದು ಮತ್ತೆ ಬಗ್ಗಿದರು.

“ಇದು ಮಾರ್ಕಿಂಗ್,” ಎಂದರು. “ರಸ್ತೆ ಅಗಲ ಮಾಡೋವಾಗ ನಾವೂ ಹಾಕ್ತಿದ್ವಿ. ನಮ್ದು ಕೆಂಪು ಬಣ್ಣ.”

ಮಾವ ಬೆಂಗಳೂರಿನಲ್ಲಿ ರಸ್ತೆ ಅಗಲೀಕರಣದ ಆಫೀಸಿನಲ್ಲಿ ಗುಮಾಸ್ತರಾಗಿದ್ದವರು. ಅದು ನನಗೆ ಗೊತ್ತಿತ್ತು, ಅದಕ್ಕೂ ಇದಕ್ಕೂ ಸಂಬಂಧವಿದೆ ಎಂದು ಹೊಳೆದಿರಲಿಲ್ಲ.

“ಇವನು ಬ್ರಷ್ ಒಂದೇ ಸಲ ಅದ್ದಿದಾನೆ ನೋಡಿ. ಕೊನೇಲಿ ಬಣ್ಣ ತೆಳುವಾಗಿದೆ. ಇನ್ನೊಂದು ಸಲ ಅದ್ದೋಕೆ ನಿಂತಿಲ್ಲ. ಮನೆಯವರು ಬಾಗಿಲಲ್ಲೇ ನಿಂತು ನೋಡ್ತಿದ್ರೆ ಹೀಗೇ ಆಗೋದು, ಕೈ ಓಡುತ್ತೆ.” ಬಗ್ಗಿದ್ದವರು ನೆಟ್ಟಗಾದರು. “ಒಂದು ಮನೇಲಿ ನಾನು ಗೆರೆ ಎಳೆಸ್ತಾ ಇದ್ರೆ ಆಯಮ್ಮ ಒಳಗಿಂದ ಕಾಫಿ ತಂದುಕೊಟ್ರು. ಕುಡೀಬೇಕೋ ಬೇಡ್ವೋ ಗೊತ್ತಾಗಲಿಲ್ಲ.”

“ಕುಡಿದ್ರಾ?”

“ಕುಡಿದೆ. ಬಿಸಿ ಇತ್ತು.”

ಆರು ವರ್ಷ ಓದಿದ ಪುಸ್ತಕಗಳಲ್ಲಿ ಯಾವನೂ ಹೀಗೆ ಬ್ರಷ್ ಹಿಡಿದವನ ಕಡೆಯಿಂದ ನೋಡಿರಲಿಲ್ಲ. ನೋಟ್ಸನ್ನು ಹರಿದು ಹಾಕಿದೆ. ವಿಮಾನದಲ್ಲಿ ಮಾವ ಬಾಯಿ ತೆರೆದು ನಿದ್ದೆ ಮಾಡುವಾಗ ನಾಲ್ಕು ಪುಟ ಬರೆದೆ. ಹೆಲೆನ್ ಅದನ್ನು ಓದಿ, “ಇದು ಯಾವ ಪುಸ್ತಕದ್ದು?” ಎಂದರು. ನಮ್ಮ ಮಾವನದ್ದು ಎಂದೆ. ಬಹಳ ಸಂತೋಷಪಟ್ಟರು. ಸಂತೋಷಪಟ್ಟು, ಹಾಗಾದರೆ ಅವರಿಂದಲೂ ಒಂಬತ್ತು ಪುಟದ ಫಾರ್ಮ್ ಬೇಕು ಎಂದರು!

ಮಾವ ಫಾರ್ಮನ್ನು ಎರಡು ದಿನ ಓದಿದರು. ಎರಡು ತಪ್ಪು ಹುಡುಕಿ ಪೆನ್ಸಿಲಿನಲ್ಲಿ ಗುರುತು ಮಾಡಿದರು. ಸಹಿ ಹಾಕುವ ಮುಂಚೆ, “ಆರನೇ ಕಲಂ ನೋಡಿದ್ರಾ? ಒಪ್ಪಿಗೆ ಕೊಟ್ಟವರು ಯಾವಾಗ ಬೇಕಾದ್ರೂ ವಾಪಸ್ ತಗೋಬಹುದಂತೆ. ಹುಷಾರು,” ಎಂದರು.

“ಯಾರು ತಗೋತಾರೆ ಮಾವ?”

“ಹೂಂ.”

ಇನ್ನು ನನ್ನ ಘನಕಾರ್ಯ ಕೇಳಿ. ಪ್ರಬಂಧ ಮುಗಿಯುತ್ತ ಬಂದಿತ್ತು. ಇಷ್ಟೆಲ್ಲ ಕೊಟ್ಟ ಲಿನ್ ಅಜ್ಜಿಗೆ ಏನಾದರೂ ಕೊಡಬೇಕೆನಿಸಿ, ಒಂದು ಮಂಗಳವಾರ ಅವರನ್ನು ಕಿಟಕಿಯ ಬಳಿ ಕೂರಿಸಿ ಫೋಟೋ ತೆಗೆದೆ. ಬಿಳಿ ಕೂದಲು, ಕಪ್ಪು ಕೋಟು, ಕೆನ್ನೆಯ ಮೇಲೆ ಚಳಿಗಾಲದ ಬೆಳಕು. ನಾನು ಬದುಕಿನಲ್ಲಿ ತೆಗೆದ ಒಳ್ಳೆಯ ಫೋಟೋ ಅದು. ಕ್ಲಾಸಿನಲ್ಲಿ ಕಲಿಸಿದ ಹಾಗೆ ಬಣ್ಣ ತೆಗೆದು ಕಪ್ಪು-ಬಿಳುಪು ಮಾಡಿದೆ. ಎರಡಡಿ ಎತ್ತರ ಪ್ರಿಂಟ್ ಹಾಕಿದೆ. ಗ್ಯಾಲರಿಯಲ್ಲಿ ನೋಡಿದ ಹಾಗೆ ಕಪ್ಪು ಕಟ್ಟು ಹಾಕಿಸಿದೆ. ಸಲ್ಲಿಸಲು ಹನ್ನೆರಡು ದಿನ ಇರುವಾಗ ಗ್ರೇಸ್‌ಗೆ ಫೋನ್ ಮಾಡಿ, ಅಮ್ಮನಿಗೊಂದು ಉಡುಗೊರೆಯಿದೆ, ಬನ್ನಿ ಎಂದೆ.

ಅವಳು ಕೌಂಟರಿನ ಮೇಲೇ ಕಾಗದ ಬಿಚ್ಚಿದಳು. ಮುಖ ನೋಡುತ್ತ ನೋಡುತ್ತ ಬಿಳಿಚಿಕೊಂಡಿತು. ಮೆಚ್ಚುಗೆ ಎಂದೇ ನಾನು ಹಲ್ಲು ಬಿಟ್ಟುಕೊಂಡು ನಿಂತಿದ್ದೆ.

“ನನ್ನ ಅಮ್ಮ ಬದುಕಿದ್ದಾರೆ,” ಎಂದಳು, ಬಹಳ ಮೆತ್ತಗೆ.

“ಹೌದು, ಹೌದು...”

“ಇದನ್ನು ಯಾವಾಗ ಇಡುತ್ತಾರೆ ಗೊತ್ತಾ ನಿನಗೆ? ಶವದ ಮುಂದೆ ಇಡುತ್ತಾರೆ.”

ಫೋಟೋ ಅಲ್ಲೇ ಬಿಟ್ಟು, ಪ್ರಬಂಧಕ್ಕೆಂದು ಅಜ್ಜಿ ನನ್ನ ಬಳಿ ಬಿಟ್ಟಿದ್ದ ಬಿಸ್ಕತ್ತಿನ ಡಬ್ಬಿಯನ್ನು ತೆಗೆದುಕೊಂಡು ಹೋದಳು. ಮಧ್ಯಾಹ್ನವೇ ಇಮೇಲ್ ಬಂತು, ಹೆಲೆನ್‌ಗೂ ಒಂದು ಪ್ರತಿ: ಒಪ್ಪಿಗೆ ವಾಪಸ್. ಆರನೇ ಕಲಂ.

ಅರ್ಧ ಪ್ರಬಂಧ ಹೋಯಿತು. ಉಳಿದ ಅರ್ಧ ಬೆನ್ನೆಲುಬಿಲ್ಲದೆ ಮಲಗಿತು. ಫೋಟೋ ಹಿಡಿದುಕೊಂಡೇ ಕ್ಯಾಂಪಸ್ಸಿಗೆ ಓಡಿದೆ. ಹೆಲೆನ್, “ಮುಂದಿನ ವರ್ಷ ಮತ್ತೆ ನೋಂದಾಯಿಸಿಕೊಳ್ಳಬಹುದು,” ಎಂದು ಸಮಾಧಾನ ಹೇಳಿದರು. ಅದು ಸಮಾಧಾನವಂತೆ! ಅವತ್ತು ರೈಲುಗಳೂ ಇಲ್ಲ, ಹಳಿಯ ರಿಪೇರಿ ಎಂದು ಬದಲಿ ಬಸ್ಸು. ಎರಡಡಿಯ ಕಪ್ಪು ಫೋಟೋ ತಬ್ಬಿಕೊಂಡು ಬಸ್ಸಿನಲ್ಲಿ ನಿಂತು ಕ್ಯಾಂಪಸ್ಸಿನಿಂದ ಮನೆಗೆ ಬಂದೆ.

ಮಾವ ಬಾಗಿಲಲ್ಲೇ, “ಏನಾಯ್ತು?” ಎಂದರು. ಹೇಳಿದೆ. “ನಾನು ಹೇಳಿರಲಿಲ್ವಾ, ಆರನೇ...”

“ಸಾಕ್ ಬಿಡ್ರಿ ಮಾವಾ!” ಎಂದು ಕಿರುಚಿದೆ. ಸಿಟ್ಟು ಬಂದರೆ ನನ್ನ ಬಾಯಿಗೆ ರಾಣೆಬೆನ್ನೂರು ಬರುತ್ತದೆ. “ಮೊದಲಿನ ದಿನದಿಂದ ನೀವು ಹೇಳ್ಕೋಂತನ ಬಂದೀರಿ, ಆಗೂ ಮಾತಲ್ಲ ಅಂತ. ಆಗ್ಲಿಲ್ಲ. ಸಮಾಧಾನ ಆತಿಲ್ಲೋ?”

ಮಾವ ನನ್ನ ಕೈಯಿಂದ ಫೋಟೋ ತೆಗೆದುಕೊಂಡು ಬೆಳಕಿಗೆ ಹಿಡಿದು ನೋಡಿದರು. ಆಮೇಲೆ ಟಿವಿಯ ಪಕ್ಕದ ಅತ್ತೆಯ ಫೋಟೋದ ಕಡೆ ಒಮ್ಮೆ ನೋಡಿದರು.

“ಬದುಕಿರೋರ ಫೋಟೋಗೆ ಹಾರ ಹಾಕಿದ ಹಾಗೆ ಮಾಡಿದ್ದೀರಲ್ರೀ,” ಎಂದರು. “ನಿಮಗೆ ಗೊತ್ತಿರಲಿಲ್ವಾ?”

ಗೊತ್ತಿರಬೇಕಿತ್ತು, ಅದೇ ಹೊಟ್ಟೆ ಉರಿಯುವ ಸಂಗತಿ. ಹತ್ತು ವರ್ಷ ದಾವಣಗೆರೆಯಲ್ಲಿ ನಾನು ಮಾಡಿದ ಕೆಲಸದಲ್ಲಿ ಅರ್ಧ ಅದೇ. ಯಾರೋ ಸತ್ತರೆ ಮನೆಯವರು ರೇಷನ್ ಕಾರ್ಡೋ, ಮದುವೆಯ ಗುಂಪು ಫೋಟೋವೋ ಹಿಡಿದು ಓಡಿ ಬರುತ್ತಿದ್ದರು. ನಾನು ಮುಖ ಕತ್ತರಿಸಿ, ಕೋಟು ತೊಡಿಸಿ, ಹಾರಕ್ಕೆ ಜಾಗ ಬಿಟ್ಟು ಕಟ್ಟು ಹಾಕಿಸಿ ಕೊಡುತ್ತಿದ್ದೆ. ಬದುಕಿದ್ದವರ ಫೋಟೋವನ್ನು ಆ ಸಾಲಿನಲ್ಲಿ ಇಟ್ಟರೆ ನಮ್ಮ ಓನರ್ ಬೈಯುತ್ತಿದ್ದ. ಆರು ವರ್ಷ ಕಲೆ ಕಲಿತು ಕಸುಬನ್ನು ಮರೆತಿದ್ದೆ. ಕಪ್ಪು-ಬಿಳುಪು ಅಂದರೆ ಗ್ಯಾಲರಿ ಎಂದು ತಲೆಯೊಳಗೆ ಕೂತುಬಿಟ್ಟಿತ್ತು.

“ಇಮೇಲ್ ಗಿಮೇಲ್ ಬೇಡ,” ಎಂದರು ಮಾವ. “ಮನೆಗೆ ಹೋಗಿ ತಪ್ಪಾಯ್ತು ಅನ್ನಬೇಕು. ಬರಿಗೈಲಿ ಹೋಗಬಾರದು. ನಾನೂ ಬರ್ತೀನಿ.”

ಭಾನುವಾರ ಬೆಳಿಗ್ಗೆ ಒಂದು ಚೀಲ ಕಿತ್ತಳೆ ಹಣ್ಣು ಹಿಡಿದು ಗ್ರೇಸ್ ಮನೆಯ ಗಂಟೆ ಒತ್ತಿದೆವು. ಮಾವ ಕೋಟು ತೊಟ್ಟು, ವಿಭೂತಿ ಹಚ್ಚಿಕೊಂಡಿದ್ದರು. ಬಹುಶಃ ಅವರನ್ನು ನೋಡಿಯೇ ಅವಳು ಬಾಗಿಲು ತೆರೆದದ್ದು. ನಾನು ತಪ್ಪಾಯಿತೆಂದೆ. ನಮ್ಮ ಊರಿನಲ್ಲೂ ಹೀಗೇ ಇದೆ, ಗೊತ್ತಿದ್ದೂ ಮಾಡಿದೆ, ಕ್ಷಮಿಸಿ ಎಂದೆ. ಗ್ರೇಸ್ ಸೋಫಾದ ತುದಿಯಲ್ಲಿ ಕೂತು ನೆಲ ನೋಡುತ್ತಿದ್ದಳು. ಆಗ ಒಳಗಿನಿಂದ ಲಿನ್ ಅಜ್ಜಿ ಬಂದರು, ಟೋಪಿಯಿಲ್ಲದೆ.

“ವೀರ್! ನನ್ನ ಫೋಟೋ ಎಲ್ಲಿ?”

ಗ್ರೇಸ್ ಚೀನೀ ಭಾಷೆಯಲ್ಲಿ ಏನೋ ಅಂದಳು. ಅಜ್ಜಿ ಅವಳಿಗೆ ಅದರ ಎರಡರಷ್ಟು ಅಂದರು. ಫೋಟೋ ಕೆಟ್ಟುಹೋಯಿತು ಎಂದು ಮಗಳು ಹೇಳಿದ್ದಳಂತೆ. ಅಜ್ಜಿ ನನ್ನ ಕಡೆ ಕೈ ಚಾಚಿದರು. ನಾನು ಮೊಬೈಲಿನಲ್ಲಿ ಆ ಫೋಟೋ ತೆರೆದು ಕೊಟ್ಟೆ. ಕನ್ನಡಕ ಏರಿಸಿ, ಇಳಿಸಿ, ಬಹಳ ಹೊತ್ತು ನೋಡಿದರು.

“ಚೆನ್ನಾಗಿದೆ. ಬಣ್ಣ ಯಾಕಿಲ್ಲ? ನಗು ಯಾಕಿಲ್ಲ? ಇದು ಹಳೇ ಕಾಲದ್ದು.”

ಒಳಗೆ ಹೋಗಿ ಒಂದು ಬಟ್ಟೆಯ ಗಂಟು ತಂದರು. ಬಿಚ್ಚಿದರೆ ಕಡುನೀಲಿ ರೇಷ್ಮೆಯ ಮೇಲಂಗಿ, ಮಡಿಕೆ ಬಿದ್ದ ಕಡೆ ಬಣ್ಣ ಮಾಸಿತ್ತು. ಆಮೇಲೆ ಅವರು ಮಾತಾಡಿದರು, ಗ್ರೇಸ್ ನೆಲ ನೋಡುತ್ತಲೇ ನಮಗೆ ಇಂಗ್ಲಿಷ್ ಮಾಡಿ ಹೇಳಿದಳು. ಅವರ ಊರಿನ ಮುದುಕಿಯರು ಈಗ ಗುಂಪು ಕಟ್ಟಿಕೊಂಡು ಸ್ಟುಡಿಯೋಗೆ ಹೋಗುತ್ತಾರಂತೆ. ಪೌಡರ್ ಹಚ್ಚಿಕೊಂಡು, ಒಬ್ಬರನ್ನೊಬ್ಬರು ಚುಡಾಯಿಸುತ್ತ, ಮುಂದೆ ಬೇಕಾಗುವ ತಮ್ಮ ಫೋಟೋವನ್ನು ಈಗಲೇ ಕಲರಿನಲ್ಲಿ ತೆಗೆಸಿಟ್ಟುಕೊಳ್ಳುತ್ತಾರಂತೆ. ಅಜ್ಜಿಗೂ ಬಹಳ ದಿನದಿಂದ ಆಸೆ. ಮಗಳು ಬೈಯುತ್ತಾಳೆಂದು ಬಾಯಿಬಿಟ್ಟಿರಲಿಲ್ಲ. ಮಂಗಳವಾರ ಮಂಗಳವಾರ ನನ್ನ ಹತ್ತಿರ ಬರುತ್ತಿದ್ದದ್ದೂ ಅದಕ್ಕೇ. ಕೇಳಬೇಕೆಂದು ಬಂದು, ಕೇಳದೆ, ಹತ್ತು ಸ್ಕ್ಯಾನ್ ಮಾಡಿಸಿಕೊಂಡು ಹೋಗುತ್ತಿದ್ದರು.

“ಅಮ್ಮನ ಅಮ್ಮ ತೀರಿಕೊಂಡಾಗ ಅವರದೊಂದೂ ಫೋಟೋ ಇರಲಿಲ್ಲ,” ಗ್ರೇಸ್ ಹೇಳಿದಳು. “ಕಾರ್ಖಾನೆಯ ಗುಂಪು ಫೋಟೋದಿಂದ ಕತ್ತರಿಸಿ ದೊಡ್ಡದು ಮಾಡಿಸಿದರು. ಅವರ ಹೆಗಲ ಮೇಲೆ ಯಾರದೋ ಕೈ ಉಳಿದುಬಿಟ್ಟಿದೆ. ಆ ಕೈ ಯಾರದ್ದು ಅಂತ ಅಮ್ಮನಿಗೆ ಇವತ್ತಿಗೂ ಗೊತ್ತಿಲ್ಲ.”

ನಾನು ಅದನ್ನು ಮಾವನಿಗೆ ಕನ್ನಡದಲ್ಲಿ ಹೇಳಿದೆ. ಮಾವ ಕೈಯಲ್ಲಿದ್ದ ಕಿತ್ತಳೆಯ ಚೀಲವನ್ನು ಮೆಲ್ಲಗೆ ಟೀಪಾಯಿಯ ಮೇಲೆ ಇಟ್ಟರು. ಲಿನ್ ಅಜ್ಜಿ ಒಂದು ಹಣ್ಣು ಸುಲಿದು ಅವರ ಕೈಗಿಟ್ಟರು. ಅದನ್ನು ತಿಂದು, “ಸ್ವಲ್ಪ ಹುಳಿ,” ಎಂದರು ಕನ್ನಡದಲ್ಲಿ. ಅಜ್ಜಿ ತಮ್ಮ ಭಾಷೆಯಲ್ಲಿ ಎರಡು ಮಾತಾಡಿ ಹೌದೆನ್ನುವ ಹಾಗೆ ತಲೆಯಾಡಿಸಿದರು.

ಗ್ರೇಸ್ ಎದ್ದು ನೀರು ಕಾಯಿಸಲು ಹೋದಳು. ಬಹಳ ಹೊತ್ತು ಬರಲಿಲ್ಲ. ಬಂದಾಗ ಮೂಗು ಕೆಂಪಾಗಿತ್ತು. ಡಬ್ಬಿಯ ಫೋಟೋಗಳನ್ನು ಬಳಸಬಹುದು, ಆ ಕಪ್ಪು-ಬಿಳುಪು ಫೋಟೋ ಮಾತ್ರ ಕೂಡದು ಎಂದಳು. ನನ್ನ ಮೇಲಿನ ಸಿಟ್ಟು ಅವಳಿಗೆ ಪೂರ್ತಿ ಇಳಿದಿರಲಿಲ್ಲ, ಇವತ್ತಿಗೂ ಇಳಿದಿದೆ ಎನ್ನಲಾರೆ. ಸಹಿ ಮಾತ್ರ ಹಾಕಿದಳು, ಈ ಸಲ ಒಂಬತ್ತು ಪುಟವನ್ನೂ ಓದಿ.

ಮುಂದಿನ ಮಂಗಳವಾರ ಲಿನ್ ಅಜ್ಜಿ ನೀಲಿ ಮೇಲಂಗಿ ತೊಟ್ಟು, ಲಿಪ್‌ಸ್ಟಿಕ್ ಹಚ್ಚಿಕೊಂಡು ಬಂದು ಕೂತರು. ಕಲರ್. ನಗು. ಸುಕ್ಕು ತೆಗೆಯಲೇ ಎಂದರೆ, “ಮೂರು ತೆಗಿ, ಉಳಿದದ್ದು ಇರಲಿ,” ಎಂದರು. ನಾನು ಆ ವಾರ ಕೊನೆಯ ಅಧ್ಯಾಯವನ್ನು ಬದಲಾಯಿಸಿ ಬರೆದೆ. ಒಂದು ಕಾಲಕ್ಕೆ ಇಡೀ ಊರಿನ ಮದುವೆಗೆ ಒಂದೇ ಸೈಕಲ್ ಎರವಲು ಪಡೆದ ಜನ, ಈಗ ತಮ್ಮ ಕೊನೆಯ ಫೋಟೋವನ್ನು ಯಾರ ಕೈಗೂ ಬಿಡದೆ ತಾವೇ ನಿಂತು ತೆಗೆಸಿಕೊಳ್ಳುತ್ತಿದ್ದಾರೆ ಎಂದು. ಹೆಲೆನ್ ಕೇಳುತ್ತಿದ್ದ ಪ್ರತಿರೋಧ ಎಲ್ಲಾದರೂ ಇದ್ದರೆ ಅಲ್ಲೇ ಇರಬೇಕು. ಅವರು ಅಂಚಿನಲ್ಲಿ, ‘ಚೆನ್ನಾಗಿದೆ. ಇನ್ನಷ್ಟು ಸಿದ್ಧಾಂತ ಬೇಕಿತ್ತು’ ಎಂದು ಬರೆದರು. ಅಂಕ ಸಾಧಾರಣ. ಇರಲಿ, ಪಾಸು ಪಾಸೇ.

ಪದವಿ ಪ್ರದಾನದ ದಿನಕ್ಕೆಂದು ಮಾವ ವಾಪಸ್ ಹೋಗುವುದನ್ನು ಮುಂದೂಡಿದರು. ಬಿಸಿಲಿನ ದಿನ. ಬಾಡಿಗೆಯ ಕಪ್ಪು ಗೌನಿನೊಳಗೆ ನಾನು ಬೆಂದುಹೋಗಿದ್ದೆ. ಬಾಡಿಗೆ ಗೌನು ತೊಟ್ಟು ಕ್ಯಾಮೆರಾದ ಮುಂದೆ ನಿಲ್ಲುವವರ ಬಗ್ಗೆ ಹತ್ತು ಸಾವಿರ ಪದ ಬರೆದವನಿಗೆ ಸರಿಯಾದ ಶಿಕ್ಷೆ. ಹೆಸರು ಕೂಗಿದರು, ಯಾರದೋ ಹೆಸರಿನ ಹಾಗೆ ಕೇಳಿಸಿತು, ಹೋಗಿ ಕೈ ಕುಲುಕಿ ತೆಗೆದುಕೊಂಡೆ. ಶೈಲಾ ಶಿಳ್ಳೆ ಹೊಡೆದಳು. ನಿಧಿ, “ಅಮ್ಮಾ, ಸೋ ಎಂಬರಾಸಿಂಗ್!” ಎಂದು ಮುಖ ಮುಚ್ಚಿಕೊಂಡಳಂತೆ.

ಹೊರಗೆ ಹುಲ್ಲಿನ ಮೇಲೆ ಮಾವ ಪಂಚೆ, ಕೋಟು, ಪೇಟ ತೊಟ್ಟು ನಿಂತಿದ್ದರು. ಸರ್ಟಿಫಿಕೇಟನ್ನು ಅವರ ಕೈಗೆ ಕೊಟ್ಟೆ. ಮೊದಲು ನನ್ನ ಹೆಸರನ್ನು ಅಕ್ಷರ ಅಕ್ಷರವಾಗಿ ಓದಿದರು. ಕಾಗದವನ್ನು ಸೂರ್ಯನಿಗೆ ಹಿಡಿದು ಒಳಗಿನ ಗುರುತು ನೋಡಿದರು. ಸೀಲಿನ ಮೇಲೆ ಹೆಬ್ಬೆರಳು ಆಡಿಸಿದರು. ಗುಮಾಸ್ತರಲ್ಲವೇ. ಮತ್ತೆ ಆ ‘ಹೂಂ’ ಬರುತ್ತದೆ ಎಂದು ನಾನು ಕಾಯುತ್ತಿದ್ದೆ.

“ಸರಿಯಾಗಿದೆ,” ಎಂದು ಮಡಿಸದೆ, ಎರಡೂ ಕೈಯಲ್ಲಿ ನನಗೆ ವಾಪಸ್ ಕೊಟ್ಟರು. ಆಮೇಲೆ ಪೇಟ ಸರಿಮಾಡಿಕೊಂಡು, ಬಿಸಿಲಿಗೆ ಮುಖ ಕೊಟ್ಟು ನಿಂತರು.

“ಅಳಿಯಂದ್ರೇ, ನನ್ನದೂ ಒಂದು ಈಗಲೇ ತೆಗೆದುಬಿಡಿ. ಕಲರ್‌ನಲ್ಲಿ. ಪಕ್ಕದಲ್ಲಿ ಯಾರ ಭುಜವೂ ಬರೋದು ಬೇಡ. ಕೆಳಗೆ ತೆಗೆದವರ ಹೆಸರು ಹಾಕಿ, ಹೆಸರಿನ ಮುಂದೆ ಬಿ.ಎ. ಅಂತ ಹಾಕೋದು ಮರೀಬೇಡಿ.”